ನಕ್ಷೆಯಲ್ಲಿ ಚಿಗರಿ ಇದೆ, ನನ್ನ ಹೊಲ ಎಲ್ಲಿದೆ?

ಕಳೆದ ವರ್ಷ ನಮ್ಮೂರ ಕಡೆ ಸೋಯಾ ರಾಶಿ ನಡೆದಿತ್ತು. ಒಂದು ರಾತ್ರಿ ನಮ್ಮ ತಂಡದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಮೆಸೇಜ್ ಬಂದವು. ತಂಡದಲ್ಲಿದ್ದವರು ಆರೇ ಜನ! ಬೆಳಗ್ಗೆ ಎದ್ದು ನೋಡಿದರೆ ಇಬ್ಬರು ಗ್ರೂಪ್ ಬಿಟ್ಟಿದ್ದರು. ಉಳಿದವರು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು. ನಾಲ್ಕು ತಿಂಗಳು ಮಳೆಯಲ್ಲಿ ಮಡ್ಡಿ ಮಡ್ಡಿ ತಿರುಗಿ ಕಟ್ಟಿದ ಪ್ರಾಜೆಕ್ಟ್ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಆದರೆ ಅದು ಮುಗಿಯಲಿಲ್ಲ. ಎರಡು ದಿನದ ಒಂದು ಡಿಸೈನ್ ಕಾರ್ಯಾಗಾರ ಅದನ್ನು ಉಳಿಸಿತು. ಚಾರ್ಟ್ ಪೇಪರ್, ಬಣ್ಣದ ಕಾಗದ, ಸ್ಕೆಚ್ ಪೆನ್, ರಂಗೋಲಿ ಪುಡಿ, ಚಹಾ ಎಲ್ಲ ಸೇರಿ ಖರ್ಚಾಗಿದ್ದು 640 ರೂಪಾಯಿ. ಗೆಳೆಯರ ಜೊತೆ ಸೇರಿ ಏನನ್ನಾದರೂ ಕಟ್ಟಲು ಹೊರಟಿರುವ, ಕಟ್ಟುವಾಗ ಜಗಳವಾಡಿಕೊಂಡಿರುವ ಎಲ್ಲರಿಗೂ ಈ ಕಥೆ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಚಿಗರಿ ಹಿಂದೆ ಹೊರಟ ಆರು ಮಂದಿ

ನನ್ನದು ಹುಮನಾಬಾದ್ ಹತ್ತಿರದ ಹಳ್ಳಿ. ಅಪ್ಪ ರೈತ. ಹೆಸರು, ಉದ್ದು, ಸೋಯಾ, ತೊಗರಿ ನಮ್ಮ ಬೆಳೆ. ನಾನು ಓದುವುದು ಕಲಬುರಗಿಯಲ್ಲಿ, ಬಿಇ ಮೂರನೇ ವರ್ಷ, ಕಂಪ್ಯೂಟರ್ ಸೈನ್ಸ್. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಶುರುವಾದ ಮೇಲೆ ಊರಿಗೆ ಬಂದು ಹೋಗುವುದು ಸುಲಭವಾಗಿದೆ. ಆ ರೈಲಿನ ಕಿಟಕಿಯಲ್ಲೇ ನಮ್ಮ ಪ್ರಾಜೆಕ್ಟ್ ಹುಟ್ಟಿದ್ದು.

ನಮ್ಮ ಜಿಲ್ಲೆಯ ಮಡ್ಡಿಗಳಲ್ಲಿ ಕೃಷ್ಣಮೃಗಗಳಿವೆ. ಊರಲ್ಲಿ ಯಾರೂ ಆ ಹೆಸರು ಹೇಳುವುದಿಲ್ಲ, ಎಲ್ಲರಿಗೂ ಅದು ‘ಚಿಗರಿ’. ಗಂಡು ಬೆಳೆದಂತೆ ಕಪ್ಪಾಗುತ್ತದೆ, ತಿರುಚಿದ ಉದ್ದನೆಯ ಕೋಡು ಬರುತ್ತದೆ. ಹೆಣ್ಣು ಕಂದು ಬಣ್ಣದ್ದು, ಸಾಮಾನ್ಯವಾಗಿ ಕೋಡಿರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಚ್ಛೇದದಲ್ಲಿರುವ ಪ್ರಾಣಿ ಇದು. ಹುಲಿ, ಆನೆಗೆ ಸಿಗುವಷ್ಟೇ ಕಾನೂನಿನ ರಕ್ಷಣೆ ಇದಕ್ಕೂ ಇದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಿಂದಲೇ ಇವುಗಳಿಗಾಗಿ ಅಭಯಾರಣ್ಯವಿದೆ. ತುಮಕೂರು ಜಿಲ್ಲೆಯ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ನಮ್ಮ ಊರಿನ ಸುತ್ತ ಮಾತ್ರ ಚಿಗರಿಗಳು ಬೇಲಿಯಿಲ್ಲದೆ, ಹೊಲ, ಗಾಯರಾಣ, ಮಡ್ಡಿಗಳ ನಡುವೆ ಜನರ ಜೊತೆಗೇ ಬದುಕುತ್ತಿವೆ.

ತೊಂದರೆ ಇರುವುದೂ ಅಲ್ಲೇ. ಮರವಿದ್ದರೆ ಮಾತ್ರ ಅದನ್ನು ಕಾಡು ಅನ್ನುತ್ತೇವೆ. ಹುಲ್ಲುಗಾವಲು ಸರ್ಕಾರಿ ಲೆಕ್ಕದಲ್ಲಿ ಎಷ್ಟೋ ಕಡೆ ‘ಬಂಜರು’. ಬಂಜರು ಅಂದ ಮೇಲೆ ಅಲ್ಲಿ ಏನು ಬಂದರೂ ಕೇಳುವವರಿಲ್ಲ. ‘ಇಲ್ಲಿ ಚಿಗರಿ ಇವೆ’ ಎಂದು ತೋರಿಸಲು ಮೊದಲು ದಾಖಲೆ ಬೇಕು. ಮೊಬೈಲಿನಲ್ಲಿ ಚಿಗರಿ ಕಂಡ ಜಾಗ, ದಿನ, ಸಂಖ್ಯೆ ದಾಖಲಿಸುವ ವ್ಯವಸ್ಥೆ ಮಾಡೋಣ, ಅದನ್ನು ಓಪನ್ ಸೋರ್ಸ್ ಇಡೋಣ, ಬೇರೆ ಜಿಲ್ಲೆಯವರೂ ತೆಗೆದುಕೊಂಡು ಬಳಸಲಿ — ಇಷ್ಟು ನಮ್ಮ ಆಸೆ.

ಓಪನ್ ಸೋರ್ಸ್ ಅಂದರೆ ಕೋಡ್ ಯಾರು ಬೇಕಾದರೂ ನೋಡಬಹುದು, ಬಳಸಬಹುದು, ತಿದ್ದಬಹುದು. ನಮ್ಮಂಥವರಿಗೆ ಇದರಿಂದ ಆಗುವ ಅನುಕೂಲ ಅಷ್ಟಿಷ್ಟಲ್ಲ. ನೆಟ್‌ವರ್ಕ್ ಇಲ್ಲದ ಕಡೆಯೂ ಫಾರ್ಮ್ ತುಂಬಲು ಬರುವ ಓಡಿಕೆ ಎಂಬ ತಂತ್ರಾಂಶವನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2008ರಲ್ಲಿ ಶುರುಮಾಡಿದರು, ಅದು ಉಚಿತ. ನಕ್ಷೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ, ಅದೂ ಉಚಿತ. ಇಂದು ಜಗತ್ತಿನಾದ್ಯಂತ ಜನ ಗಿಡ, ಹಕ್ಕಿ, ಕೀಟ ದಾಖಲಿಸುವ ಐನ್ಯಾಚುರಲಿಸ್ಟ್ ಶುರುವಾಗಿದ್ದು 2008ರಲ್ಲಿ, ಅಮೆರಿಕದ ಬರ್ಕ್‌ಲಿಯ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ. ಅವರು ಮಾಡಿದರೆ ನಾವೇಕೆ ಮಾಡಬಾರದು?

ತಂಡ ಹೀಗಿತ್ತು. ನಾನು. ನನ್ನ ಕ್ಲಾಸಿನವಳೇ ಆದ ಬಸವಕಲ್ಯಾಣದ ಗೆಳತಿ, ಕೋಡಿಂಗ್‌ನಲ್ಲಿ ನಮಗಿಂತ ಎರಡು ಹೆಜ್ಜೆ ಮುಂದೆ. ಎಲೆಕ್ಟ್ರಾನಿಕ್ಸ್ ಓದುವ ಗೆಳೆಯ, ಅವನಿಗೆ ಕ್ಯಾಮೆರಾ ಹುಚ್ಚು. ಸಿವಿಲ್‌ನ ಒಬ್ಬ, ನಕ್ಷೆ ಅವನ ಪಾಲು. ಹುಮನಾಬಾದಿನಲ್ಲಿ ಬಿಎಸ್‌ಸಿ ಓದುವ ಹುಡುಗ, ಮಾತು ಕಡಿಮೆ, ಹಕ್ಕಿ ಪ್ರಾಣಿ ಗುರುತಿಸುವುದರಲ್ಲಿ ಎತ್ತಿದ ಕೈ. ಕೊನೆಯವರು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮೂರ ಅಣ್ಣ, ರಾತ್ರಿ ಹೊತ್ತು ಫೋನಿನಲ್ಲಿ ಸಿಗುವವರು.

ನಾನು ಮಾಡಿದ ತಪ್ಪು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೂರರ ಹತ್ತಿರ ದಾಖಲೆ ಸೇರಿದವು. ಎಲ್ಲಿ, ಯಾವಾಗ, ಎಷ್ಟು ಗಂಡು, ಎಷ್ಟು ಹೆಣ್ಣು, ಎಷ್ಟು ಮರಿ. ಪ್ರತಿಯೊಂದಕ್ಕೂ ಜಿಪಿಎಸ್ ಗುರುತು. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಒಂದು ಭಾನುವಾರ ಯಾರನ್ನೂ ಕೇಳದೆ ಇಡೀ ಫೈಲನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದೆ. ನಕ್ಷೆಯ ಲಿಂಕನ್ನು ಹತ್ತಾರು ಗ್ರೂಪಿಗೆ ಕಳಿಸಿದೆ. ‘ಸೂಪರ್ ಬ್ರೋ’ ಅಂತ ಹೊಗಳಿಕೆ ಬಂದವು.

ಎರಡು ವಾರದ ಮೇಲೆ ಅಪ್ಪ ಫೋನ್ ಮಾಡಿದರು. “ರಾತ್ರಿ ಮಡ್ಡಿ ಮ್ಯಾಲ ಜೀಪ್ ಬಂದಿತ್ತಂತ. ಲೈಟ್ ಹಾಕೊಂಡು ತಿರುಗ್ಯಾರಂತ. ನಮ್ಮ ಕಡಿ ಮಂದಿ ಅಲ್ಲ. ನೀ ಏನರೆ ಮೊಬೈಲ್‌ದಾಗ ಹಾಕಿದ್ದಿ ಅಲ್ಲ, ಅದು ಯಾರ್‍ಯಾರು ನೋಡ್ತಾರ?”

ಆ ಜೀಪಿನವರು ನಮ್ಮ ನಕ್ಷೆ ನೋಡಿಯೇ ಬಂದರು ಎಂದು ಹೇಳಲು ನನ್ನ ಬಳಿ ಸಾಕ್ಷಿ ಇಲ್ಲ. ಅಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ. ಮರಿ ಕಂಡ ಜಾಗಗಳನ್ನೂ ನಾನು ಆ ಫೈಲಿನಲ್ಲಿ ಹಾಕಿದ್ದೆ. ಚಿಗರಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಮೊದಲ ದಿನಗಳಲ್ಲಿ ಮರಿ ಹುಲ್ಲಿನಲ್ಲಿ ಅಲುಗದೆ ಮಲಗಿರುತ್ತದೆ, ಓಡಲಾರದು. ಆ ಜಾಗದ ಗುರುತನ್ನು ಕೆಲವೇ ಮೀಟರ್ ವ್ಯತ್ಯಾಸದಲ್ಲಿ ಜಗತ್ತಿಗೆಲ್ಲ ಹೇಳಿಬಿಟ್ಟಿದ್ದೆ.

ಹೆದರಿ ತಕ್ಷಣ ಫೈಲ್ ಅಳಿಸಿದೆ. ಆಗ ಬಸವಕಲ್ಯಾಣದ ಗೆಳತಿ ಹೇಳಿದ್ದು: “ಅಳಿಸಿದ್ರ ಹೋಗಲ್ಲ ಅದು. ಹಿಂದಿನ ಹಿಸ್ಟರಿದಾಗ ಹಂಗೇ ಇರ್ತದ.” ನಿಜ. ಗಿಟ್‌ನಲ್ಲಿ ಇಂದು ಫೈಲ್ ಅಳಿಸಿದರೂ ನಿನ್ನೆಯ ಪ್ರತಿ ಇತಿಹಾಸದಲ್ಲಿ ಉಳಿದಿರುತ್ತದೆ. ಇಡೀ ಇತಿಹಾಸವನ್ನೇ ತಿದ್ದಿ ಬರೆಯಬೇಕು. ಅಷ್ಟರಲ್ಲಿ ಯಾರಾದರೂ ಪ್ರತಿ ಮಾಡಿಕೊಂಡಿದ್ದರೆ ಅದೂ ಪ್ರಯೋಜನವಿಲ್ಲ. ಈ ಪಾಠ ಯಾವ ಲ್ಯಾಬಿನಲ್ಲೂ ಕಲಿತಿರಲಿಲ್ಲ.

ಆ ರಾತ್ರಿಯ ಇನ್ನೂರು ಮೆಸೇಜಿನ ಜಗಳ ಇದರ ಮೇಲೆಯೇ. ಒಬ್ಬ, “ಓಪನ್ ಅಂದ ಮೇಲೆ ಎಲ್ಲ ಓಪನ್ ಇರಬೇಕು” ಅಂದ. ಇನ್ನೊಬ್ಬಳು, “ಕೋಡ್ ಓಪನ್ ಇರಲಿ, ಚಿಗರಿ ಜಾಗ ಯಾಕ?” ಅಂದಳು. ಎಲೆಕ್ಟ್ರಾನಿಕ್ಸ್ ಗೆಳೆಯ, “ನಾನು ಮೊದಲೇ ಹೇಳಿದ್ದೆ, ಎಐ ಕ್ಯಾಮೆರಾ ಮಾಡ್ರಿ ಅಂತ” ಎಂದು ತನ್ನ ಹಳೆಯ ಸಿಟ್ಟು ತೆಗೆದ. ಸಿವಿಲ್ ಗೆಳೆಯ, “ಪೇಪರ್ ಪಬ್ಲಿಷ್ ಮಾಡ್ತೀವಿ ಅಂದಿದ್ರಿ, ಎಲ್ಲದ?” ಅಂದ. ಪುಣೆಯ ಅಣ್ಣನಿಗೆ ಮೊದಲು ಕೋಡ್ ಅಚ್ಚುಕಟ್ಟಾಗಬೇಕಿತ್ತು. ಬಿಎಸ್‌ಸಿ ಹುಡುಗ ಒಂದೂ ಮೆಸೇಜ್ ಹಾಕಲಿಲ್ಲ.

ಮೇಡಂ ಹೇಳಿದ ಕಮಲಾಪುರದ ಕಥೆ

ವಿಟಿಯುದಲ್ಲಿ ಓದಿದವರಿಗೆ ಗೊತ್ತಿರುತ್ತದೆ, ಮೊದಲ ವರ್ಷದಲ್ಲಿ ‘ಇನ್ನೋವೇಷನ್ ಆ್ಯಂಡ್ ಡಿಸೈನ್ ಥಿಂಕಿಂಗ್’ ಅಂತ ಒಂದು ವಿಷಯವಿರುತ್ತದೆ. ನಮ್ಮಲ್ಲಿ ಬಹುತೇಕರು ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾದವರು. ಅಂಕ ಬಂದಿತ್ತು, ಅರ್ಥ ಆಗಿರಲಿಲ್ಲ. ಆ ವಿಷಯ ಕಲಿಸಿದ್ದ ಮೇಡಂ ಹತ್ತಿರ ಹೋಗಿ ನಡೆದಿದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ನೀವು ಆರೂ ಜನ ಒಂದೇ ಪ್ರಾಜೆಕ್ಟ್ ಮಾಡುತ್ತಿದ್ದೀರಿ ಅಂತ ನಿನಗೆ ಹೇಗೆ ಗೊತ್ತು?”

ಆಮೇಲೆ ಎರಡು ದಿನ ಕೂತು ಡಿಸೈನ್ ಕಾರ್ಯಾಗಾರ ಮಾಡಿ ಅಂದರು. ನಾನು ಗೂಗಲ್ ಹುಡುಕಿಕೊಂಡು ಹೋಗಿದ್ದೆ. ಗೂಗಲ್‌ನಲ್ಲಿದ್ದ ಜೇಕ್ ನ್ಯಾಪ್ ರೂಪಿಸಿದ ಐದು ದಿನದ ‘ಡಿಸೈನ್ ಸ್ಪ್ರಿಂಟ್’, 2016ರಲ್ಲಿ ಬಂದ ಅವರ ಪುಸ್ತಕ ಎಲ್ಲ ಹೇಳಿದೆ. ಮೇಡಂ ನಕ್ಕರು. “ನೀನು ದಿನಾ ರೈಲಿನಲ್ಲಿ ಕಮಲಾಪುರ ದಾಟಿ ಬರುತ್ತೀಯಲ್ಲ? ಅಲ್ಲಿ ಇಂಥದ್ದನ್ನು ನೀನು ಹುಟ್ಟುವ ಮೊದಲೇ ಮಾಡಿದ್ದಾರೆ.”

ಕಮಲಾಪುರ ಅಂದರೆ ನನಗೆ ಗೊತ್ತಿದ್ದಿದ್ದು ಕೆಂಪು ಬಾಳೆಹಣ್ಣು ಮಾತ್ರ. 1980ರ ದಶಕದಲ್ಲಿ ಅಲ್ಲಿ ಮೈರಾಡ ಸಂಸ್ಥೆ, ರಾಜ್ಯ ಸರ್ಕಾರ ಸೇರಿ ಸ್ವಿಟ್ಜರ್ಲೆಂಡಿನ ನೆರವಿನಲ್ಲಿ ಜಲಾನಯನ ಯೋಜನೆ ನಡೆಸಿದ್ದವು. ಒಡ್ಡು ಎಲ್ಲಿ ಹಾಕಬೇಕು, ನೀರು ಎಲ್ಲಿ ಹರಿಯುತ್ತದೆ ಎಂದು ಎಂಜಿನಿಯರ್ ಒಬ್ಬರೇ ಕಾಗದದ ಮೇಲೆ ಗೆರೆ ಎಳೆಯುವ ಬದಲು ಊರಿನವರನ್ನೇ ಕೂರಿಸಿ ಕೇಳುವ ಪದ್ಧತಿ ಅಂಥ ಯೋಜನೆಗಳಲ್ಲಿ ಬೆಳೆಯಿತು. ಜನ ನೆಲದ ಮೇಲೆ ರಂಗೋಲಿ ಪುಡಿ, ಕಲ್ಲು, ಬೀಜಗಳಿಂದ ತಮ್ಮೂರ ನಕ್ಷೆ ಬಿಡಿಸುತ್ತಿದ್ದರು. ಇದಕ್ಕೆ ಪಿಆರ್‌ಎ, ಅಂದರೆ ಸಹಭಾಗಿ ಗ್ರಾಮೀಣ ಸಮೀಕ್ಷೆ ಎಂಬ ಹೆಸರು ಬಂತು. ಇದನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಮುಖ್ಯರಾದ ಬ್ರಿಟಿಷ್ ವಿದ್ವಾಂಸ ರಾಬರ್ಟ್ ಚೇಂಬರ್ಸ್ ಮೈರಾಡ ಜೊತೆ ಕೆಲಸ ಮಾಡಿ ಕಲಿತವರು. ಓದಲು ಬಾರದವರೂ ನೆಲದ ಮೇಲಿನ ನಕ್ಷೆಯನ್ನು ತಿದ್ದಬಲ್ಲರು, ಪೆನ್ನು ಒಬ್ಬನ ಕೈಯಲ್ಲಿ ಉಳಿಯುವುದಿಲ್ಲ ಎಂಬುದೇ ಅದರ ಶಕ್ತಿ.

ಮೇಡಂ, ನೀವೇ ಬಂದು ನಡೆಸಿಕೊಡಿ ಅಂದೆ. ಒಪ್ಪಲಿಲ್ಲ. “ನಾನು ಬಂದರೆ ಎಲ್ಲರೂ ನನ್ನ ಮುಖ ನೋಡಿ ಮಾತಾಡುತ್ತೀರಿ. ನಿಮ್ಮಲ್ಲಿ ಯಾರು ಕಡಿಮೆ ಮಾತಾಡುತ್ತಾರೋ ಅವರಿಗೆ ನಡೆಸಲು ಕೊಡಿ.” ಹಾಗಾಗಿ ಆ ಜವಾಬ್ದಾರಿ ಬಿಎಸ್‌ಸಿ ಹುಡುಗನಿಗೆ ಬಂತು.

ಉಳಿದವರನ್ನು ಕರೆತರುವುದು ಸುಲಭವಿರಲಿಲ್ಲ. ಒಬ್ಬೊಬ್ಬರ ಮನೆಗೆ ಹೋಗಿ ತಪ್ಪು ನನ್ನದು ಎಂದು ಒಪ್ಪಿಕೊಂಡೆ. ಬಸವಕಲ್ಯಾಣದ ಗೆಳತಿ ಮಾತ್ರ ನಗುತ್ತಲೇ ಒಪ್ಪಿದಳು. “ನಮ್ಮೂರಾಗ ಹನ್ನೆರಡನೇ ಶತಮಾನದಾಗೇ ಎಲ್ಲಾರನ್ನೂ ಕೂರಿಸಿ ಮಾತಾಡ್ಯಾರ. ನಾವು ಆರು ಮಂದಿ ಕೂಡ್ಲಿಕ್ಕ ಇಷ್ಟು ತ್ರಾಸ ಏನು?”

ಮೊದಲ ದಿನ: ಮಾತಿಲ್ಲದ ಅರ್ಧ ಗಂಟೆ

ದೀಪಾವಳಿ ರಜೆ. ಪುಣೆಯ ಅಣ್ಣ ಹಬ್ಬಕ್ಕೆ ಊರಿಗೆ ಬಂದಿದ್ದರು. ನಮ್ಮೂರ ಶಾಲೆಯ ಒಂದು ಕೋಣೆ ಕೇಳಿ ಪಡೆದೆವು. ಬೆಳಗ್ಗೆ ಸುಸಲಾ, ಚಹಾ. ಫೋನುಗಳೆಲ್ಲ ಒಂದು ಡಬ್ಬಿಯೊಳಗೆ.

ಮೊದಲ ಕೆಲಸ ಬರೆಯುವುದು. ಪ್ರಶ್ನೆ ಎರಡೇ. ಈ ಪ್ರಾಜೆಕ್ಟ್ ಯಾರಿಗಾಗಿ? ಒಂದು ವರ್ಷದ ಮೇಲೆ ಇದು ಗೆದ್ದಿದೆ ಅಂದರೆ ಕಣ್ಣಿಗೆ ಏನು ಕಾಣಬೇಕು? ಅರ್ಧ ಗಂಟೆ ಯಾರೂ ಮಾತಾಡುವಂತಿಲ್ಲ. ಒಂದು ಚೀಟಿಗೆ ಒಂದೇ ವಿಷಯ.

ಈ ಮೌನ ಯಾಕೆ ಅಂತ ಆಮೇಲೆ ತಿಳಿಯಿತು. ಮಾತಿನಲ್ಲಿ ಶುರುಮಾಡಿದ್ದರೆ ಮೊದಲು ಬಾಯಿ ತೆರೆದವನ ವಿಚಾರದ ಹಿಂದೆ ಎಲ್ಲರೂ ಹೋಗುತ್ತಿದ್ದೆವು, ಇಲ್ಲವೇ ಅದನ್ನು ವಿರೋಧಿಸುತ್ತಿದ್ದೆವು. ಬರೆಯುವಾಗ ಹಾಗಾಗಲಿಲ್ಲ. ನಾಲ್ಕು ತಿಂಗಳಲ್ಲಿ ಗ್ರೂಪಿನಲ್ಲಿ ಒಂದು ಮಾತಾಡದ ಬಿಎಸ್‌ಸಿ ಹುಡುಗ ಹದಿಮೂರು ಚೀಟಿ ಬರೆದಿದ್ದ.

ಚೀಟಿಗಳನ್ನು ಗೋಡೆಗೆ ಅಂಟಿಸಿ, ಒಂದೇ ಥರದವನ್ನು ಹತ್ತಿರ ತಂದೆವು. ಈ ವಿಧಾನ ಜಪಾನಿನ ಮಾನವಶಾಸ್ತ್ರಜ್ಞ ಜಿರೊ ಕವಾಕಿಟ ಅವರದು. ನೇಪಾಳದ ಬೆಟ್ಟದ ಹಳ್ಳಿಗಳಲ್ಲಿ ಜನರ ಜೊತೆ ಕೂತು ಅವರಿಗೆ ಏನು ಬೇಕು ಎಂದು ಕಂಡುಕೊಂಡು, ಕುಡಿಯುವ ನೀರು ಮತ್ತು ಹಗ್ಗದ ದಾರಿಯ ಕೆಲಸ ಮಾಡಿದ್ದಕ್ಕಾಗಿ ಅವರಿಗೆ 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸಾವಿರ ಸಣ್ಣ ಟಿಪ್ಪಣಿಗಳಿಂದ ಒಂದು ಅರ್ಥ ಹೊರಡಿಸುವುದು ಹೇಗೆ ಎಂಬ ಕಷ್ಟದಿಂದಲೇ ಈ ಚೀಟಿ ಪದ್ಧತಿ ಬಂದಿದ್ದು.

ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮುಂದೆ ನಿಂತು ನೋಡಿದರೆ ಎದೆ ಧಸಕ್ಕೆಂದಿತು. ಅಲ್ಲಿ ಇದ್ದಿದ್ದು ಒಂದು ಪ್ರಾಜೆಕ್ಟ್ ಅಲ್ಲ. ಒಬ್ಬರದು ಸಂಶೋಧನೆ, ಒಬ್ಬರದು ಕ್ಯಾಮೆರಾ, ಒಬ್ಬರದು ನಕ್ಷೆ, ಒಬ್ಬರದು ಅಚ್ಚುಕಟ್ಟು ಕೋಡ್. ನನ್ನ ಚೀಟಿಗಳಲ್ಲಿ ‘ಪ್ರಶಸ್ತಿ’, ‘ಪತ್ರಿಕೆಯಲ್ಲಿ ಸುದ್ದಿ’ ಎಂದೂ ಇದ್ದವು. ಎಲ್ಲರೂ ಓದಿದರು. ನಾಚಿಕೆಯಾಯಿತು. ಆದರೆ ಆಶ್ಚರ್ಯವೆಂದರೆ, ಜಗಳ ಅಲ್ಲಿಗೇ ಅರ್ಧ ಇಳಿಯಿತು. ಯಾರೂ ಕೆಟ್ಟವರಿರಲಿಲ್ಲ. ಒಂದೇ ಹೆಸರಿನ ಕೆಳಗೆ ಆರು ಬೇರೆ ಬೇರೆ ಕೆಲಸ ಮಾಡುತ್ತಿದ್ದೆವು, ಅಷ್ಟೇ.

ಸಂಜೆ ಇನ್ನೊಂದು ಪಟ್ಟಿ ಮಾಡಿದೆವು. ಚಿಗರಿಯಿಂದ ಯಾರ್‍ಯಾರಿಗೆ ಏನು ಸಂಬಂಧ? ರೈತ, ಕುರಿಗಾಹಿ, ಹುಲ್ಲು ಕೊಯ್ಯುವ ಹೆಣ್ಣುಮಕ್ಕಳು, ಅರಣ್ಯ ಇಲಾಖೆಯ ವಾಚರ್, ಶಾಲೆಯ ಮಕ್ಕಳು. ಹದಿನೈದು ಹೆಸರು ಬಂದವು. ‘ಇವರಲ್ಲಿ ನಾವು ಎಷ್ಟು ಜನರ ಜೊತೆ ಮಾತಾಡಿದ್ದೇವೆ?’ ಎಂದು ಬಿಎಸ್‌ಸಿ ಹುಡುಗ ಕೇಳಿದ. ಉತ್ತರ ಸೊನ್ನೆ.

ಎರಡನೇ ದಿನ: ಕಟ್ಟೆಯ ಮುಂದೆ ರಂಗೋಲಿ

ಮರುದಿನ ಹನುಮಾನ್ ಗುಡಿಯ ಕಟ್ಟೆಯ ಮುಂದೆ ಕೂತೆವು. ಹತ್ತು ಜನ ಬಂದರೆ ಹೆಚ್ಚು ಅಂದುಕೊಂಡಿದ್ದೆವು, ಮೂವತ್ತರ ಮೇಲೆ ಬಂದರು. ಅಂಗಳ ಸಾರಿಸಿ, ರಂಗೋಲಿಯಲ್ಲಿ ಊರು, ದಾರಿ, ಹಳ್ಳ ಮಾತ್ರ ಎಳೆದು ಬಿಟ್ಟೆವು. ಉಳಿದಿದ್ದು ಅವರ ಕೈಗೆ. ಚಿಗರಿ ಕಾಣುವ ಕಡೆ ಹುಣಸೆ ಬೀಜ, ಬೆಳೆ ಹಾಳಾದ ಕಡೆ ಜೋಳದ ಕಾಳು, ನೀರಿಗೆ ನೀಲಿ ಚೀಟಿ, ನಾಯಿ ಕಾಟವಿದ್ದ ಕಡೆ ಕಲ್ಲು.

ಹತ್ತು ನಿಮಿಷದಲ್ಲಿ ನಮ್ಮ ನಕ್ಷೆಯ ಮರ್ಯಾದೆ ಹೋಯಿತು. “ಏ ತಮ್ಮಾ, ಹಳ್ಳ ಆ ಕಡಿ ತಿರುಗ್ತದ” ಅಂತ ಒಬ್ಬ ಮುತ್ಯಾ ಕೋಲಿನಿಂದ ನಮ್ಮ ಗೆರೆ ಅಳಿಸಿ ಹೊಸದು ಎಳೆದರು. ಸಿವಿಲ್ ಗೆಳೆಯ ಫೋನಿನಲ್ಲಿ ನೋಡಿದ. ಮುತ್ಯಾನದೇ ಸರಿ.

ಅಪ್ಪ ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಜೋಳದ ಕಾಳು ಇಡುವ ಸರದಿ ಬಂದಾಗ ಮುಂದೆ ಬಂದರು. ಒಂದು ಹಿಡಿ ಕಾಳು ತೆಗೆದು ನಮ್ಮ ಹೊಲದ ಜಾಗದಲ್ಲಿ ಸುರಿದು ನನ್ನನ್ನೇ ನೋಡಿ ಕೇಳಿದರು: “ಮಳಿಗಾಲದಾಗ ಹೆಸರು ಹುಟ್ಟಿದ ಮ್ಯಾಲ ಎರಡು ಸಲ ತಿಂದು ಹೋಗ್ಯಾವ. ಮತ್ತ ಬಿತ್ತೀನಿ. ನೀ ನಾಕು ತಿಂಗಳು ಚಿಗರಿ ಎಣಿಸಿದಿ. ನಿನ್ನ ನಕ್ಷೆದಾಗ ಚಿಗರಿ ಅದಾವ, ನನ್ನ ಹೊಲ ಎಲ್ಲದ?”

ನನಗೆ ಉತ್ತರ ಬರಲಿಲ್ಲ. ನಿಜ ಹೇಳಬೇಕೆಂದರೆ, ಆ ಎರಡು ಬಿತ್ತನೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಅದೇ ಬೆಳಗಿನ ಜಾವ, ಅದೇ ಬದುವಿನ ಮೇಲೆ ನಿಂತು ನಾನು ‘ಹೆಣ್ಣು ಏಳು, ಗಂಡು ಎರಡು’ ಎಂದು ಫಾರ್ಮ್ ತುಂಬಿದ್ದೆ. ಅವು ಮೇಯುತ್ತಿದ್ದಿದ್ದು ನಮ್ಮ ಹೆಸರನ್ನು.

ಹೆಣ್ಣುಮಕ್ಕಳು ಗಂಡಸರ ನಡುವೆ ಬಂದು ಕೂರಲಿಲ್ಲ. ಬಸವಕಲ್ಯಾಣದ ಗೆಳತಿ ಅವರ ಜೊತೆ ಗುಡಿಯ ಹಿಂದೆ ಇನ್ನೊಂದು ನಕ್ಷೆ ಹಾಕಿಸಿದಳು. ಅದರಲ್ಲಿ ಹುಲ್ಲು ಕೊಯ್ಯುವ ಜಾಗ, ಮರಿ ಕಾಣುವ ಜಾಗ ಒಂದೊಂದೂ ಅವರಿಗೆ ಗೊತ್ತಿತ್ತು. ಆದರೆ ಒಬ್ಬ ಅಜ್ಜಿ ಬೀಜ ಇಡಲು ಒಪ್ಪಲಿಲ್ಲ. “ಮರಿ ಇದ್ದ ಜಾಗ ಯಾರಿಗೂ ಹೇಳಬಾರದವ್ವಾ. ನಾವು ಕಂಡ್ರ ಆ ಕಡಿ ಹುಲ್ಲ ಬಿಟ್ಟು ಬರ್ತೀವಿ” ಅಂದರಂತೆ.

ಇನ್ನೂರು ಮೆಸೇಜಿನಲ್ಲಿ ಬಗೆಹರಿಯದ ಪ್ರಶ್ನೆಯನ್ನು ಅಜ್ಜಿ ಒಂದು ಮಾತಿನಲ್ಲಿ ಮುಗಿಸಿದ್ದರು.

ಆಮೇಲೆ ಏನಾಯಿತು?

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಿಂದು ಆರೂ ಜನ ಮತ್ತೆ ಶಾಲೆಯ ಕೋಣೆಗೆ ಬಂದೆವು. ಎರಡು ಗಂಟೆಯಲ್ಲಿ ನಾಲ್ಕು ನಿರ್ಧಾರ ಬರೆದು ಎಲ್ಲರೂ ಸಹಿ ಹಾಕಿದೆವು.

ಒಂದು, ಕೋಡ್ ಮುಕ್ತ, ಜಾಗದ ಗುರುತು ಮುಕ್ತವಲ್ಲ. ಕೋಡಿನ ಪರವಾನಗಿ ಬೇರೆ, ಮಾಹಿತಿಯ ನಿಯಮ ಬೇರೆ ಎಂಬುದು ನಮಗೆ ಆಗಲೇ ಅರ್ಥವಾಗಿದ್ದು. ದೊಡ್ಡ ಪ್ರಾಜೆಕ್ಟುಗಳೂ ಹೀಗೇ ಮಾಡುತ್ತವೆ. ಐನ್ಯಾಚುರಲಿಸ್ಟ್‌ನಲ್ಲಿ ಅಪಾಯದಲ್ಲಿರುವ ಜೀವಿಯನ್ನು ದಾಖಲಿಸಿದರೆ ನಿಖರ ಜಾಗ ಬೇರೆಯವರಿಗೆ ಕಾಣುವುದಿಲ್ಲ, ಸುಮಾರು 20 ಕಿಲೊಮೀಟರ್ ಅಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ಚುಕ್ಕಿ ತೋರಿಸುತ್ತದೆ. ನಾವೂ ದೊಡ್ಡ ಚೌಕವಷ್ಟೇ ತೋರಿಸುತ್ತೇವೆ. ಮರಿಯ ಜಾಗ ಕೇಳುವ ಪ್ರಶ್ನೆಯನ್ನೇ ಫಾರ್ಮಿನಿಂದ ತೆಗೆದೆವು. ಇಲ್ಲದ ಮಾಹಿತಿ ಸೋರುವುದಿಲ್ಲ.

ಎರಡು, ಮೊದಲು ಬೆಳೆಹಾನಿ, ಆಮೇಲೆ ಚಿಗರಿ ಎಣಿಕೆ. ಹಾನಿಯಾದ ದಿನ, ಸರ್ವೆ ನಂಬರ್, ಬೆಳೆ, ಫೋಟೊ ತುಂಬಿದರೆ ಒಂದು ಪುಟ ಸಿದ್ಧವಾಗುತ್ತದೆ. ಅದನ್ನು ಪ್ರಿಂಟ್ ತೆಗೆದು ಅರ್ಜಿಯ ಜೊತೆ ಇಡಬಹುದು. ಈ ವಿಚಾರ ಹೊಸದೇನಲ್ಲ. ಬಂಡೀಪುರ, ನಾಗರಹೊಳೆ ಸುತ್ತ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್‌ನವರು 2015ರಲ್ಲಿ ‘ವೈಲ್ಡ್ ಸೇವೆ’ ಶುರುಮಾಡಿದ್ದಾರೆ. ಕಾಡುಪ್ರಾಣಿಯಿಂದ ನಷ್ಟವಾದ ರೈತ ಉಚಿತ ಸಂಖ್ಯೆಗೆ ಫೋನ್ ಮಾಡಿದರೆ ಅವರ ಸಿಬ್ಬಂದಿ ಬಂದು ಪರಿಹಾರದ ಅರ್ಜಿಗೆ ನೆರವಾಗುತ್ತಾರೆ. ಪ್ರಾಣಿ ಉಳಿಯಬೇಕಾದರೆ ಅದರ ಜೊತೆ ಬದುಕುವವರ ಸಿಟ್ಟು ಇಳಿಯಬೇಕು ಎಂಬುದು ಅದರ ಹಿಂದಿನ ಲೆಕ್ಕ.

ಮೂರು, ಫಾರ್ಮಿನಲ್ಲಿ ‘ಕೃಷ್ಣಮೃಗ’ ಹೋಗಿ ‘ಚಿಗರಿ’ ಬಂತು, ‘ಹುಲ್ಲುಗಾವಲು’ ಹೋಗಿ ‘ಗಾಯರಾಣ’, ‘ಮಡ್ಡಿ’ ಬಂದವು. ಸಣ್ಣ ಬದಲಾವಣೆ ಅನಿಸಬಹುದು. ಮೊದಲು ಫಾರ್ಮ್ ತುಂಬುತ್ತಿದ್ದವರು ನಾವು ಆರೇ ಜನ. ಈಗ ಊರಿನ ಹುಡುಗರೂ ತುಂಬುತ್ತಾರೆ.

ನಾಲ್ಕು, ಯಾರೂ ಒಬ್ಬರೇ ನಿರ್ಧಾರ ಮಾಡುವಂತಿಲ್ಲ. ಏನಾದರೂ ಬಹಿರಂಗ ಮಾಡುವ ಮೊದಲು ಇಬ್ಬರ ಒಪ್ಪಿಗೆ ಬೇಕು. ಆ ಇಬ್ಬರಲ್ಲಿ ನಾನು ಇರುವುದಿಲ್ಲ ಎಂದು ನಾನೇ ಬರೆದೆ.

ಎಲ್ಲವೂ ಸಿನಿಮಾದಂತೆ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಎಲೆಕ್ಟ್ರಾನಿಕ್ಸ್ ಗೆಳೆಯನ ಕ್ಯಾಮೆರಾ ‘ಆಮೇಲೆ ನೋಡೋಣ’ ಎಂಬ ಚಾರ್ಟಿನಲ್ಲಿ ಉಳಿಯಿತು. ಅವನೂ ಸಹಿ ಹಾಕಿದ, ಆದರೆ ಒಂದು ತಿಂಗಳ ಮೇಲೆ ತಂಡ ಬಿಟ್ಟ. “ಈಗ ಇದು ನಾ ಮಾಡಬೇಕಂದಿದ್ದ ಕೆಲಸ ಅಲ್ಲ” ಅಂದ. ಬೇಸರವಾಯಿತು. ಆದರೆ ಸಿಟ್ಟಿನಿಂದ ಗ್ರೂಪ್ ಬಿಡುವುದಕ್ಕೂ, ಇದು ನನ್ನದಲ್ಲ ಎಂದು ತಿಳಿದು ಹೊರಡುವುದಕ್ಕೂ ವ್ಯತ್ಯಾಸವಿದೆ. ನಾವು ಇಂದಿಗೂ ಒಂದೇ ಹಾಸ್ಟೆಲ್ ಮೆಸ್ಸಿನಲ್ಲಿ ಜೊತೆಗೇ ಊಟ ಮಾಡುತ್ತೇವೆ.

ಕೆಲಸ ಹುಡುಕುತ್ತಿರುವವರಿಗೆ ಒಂದು ಮಾತು. ಈಚೆಗೆ ಇಂಟರ್ನ್‌ಶಿಪ್ ಸಂದರ್ಶನವೊಂದರಲ್ಲಿ, “ತಂಡದಲ್ಲಿ ಜಗಳವಾದಾಗ ಏನು ಮಾಡಿದಿರಿ?” ಎಂದು ಕೇಳಿದರು. ಬಾಯಿಪಾಠ ಮಾಡಿದ ಉತ್ತರ ಬಿಟ್ಟು ಇದನ್ನೇ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಹದಿನೈದು ನಿಮಿಷ ಇದರ ಮೇಲೆಯೇ ಪ್ರಶ್ನೆ ಕೇಳಿದರು. ಕೋಡ್ ಬರೆಯಲು ಬರುತ್ತದೆಯೇ ಎಂಬುದನ್ನು ಎರಡೇ ಪ್ರಶ್ನೆಯಲ್ಲಿ ಮುಗಿಸಿದರು.

ನೀವೂ ಮಾಡಿ ನೋಡಿ

ಕಾಲೇಜಿನ ಪ್ರಾಜೆಕ್ಟ್ ಇರಲಿ, ಊರಿನ ಗ್ರಂಥಾಲಯದ ಕೆಲಸ ಇರಲಿ, ಗೆಳೆಯರ ಸ್ಟಾರ್ಟಪ್ ಇರಲಿ, ಈ ಐದು ಸಂಗತಿ ಉಪಯೋಗಕ್ಕೆ ಬರುತ್ತವೆ.

1. ಕೆಲಸ ಶುರುಮಾಡುವ ಮೊದಲೇ ಕೂತುಕೊಳ್ಳಿ. ನಾವು ಜಗಳದ ನಂತರ ಕೂತೆವು, ಅದಕ್ಕೆ ನಾಲ್ಕು ತಿಂಗಳು ಹಾಳಾಯಿತು.

2. ಮೊದಲು ಬರೆಯಿರಿ, ಆಮೇಲೆ ಮಾತಾಡಿ. ಇದರಿಂದ ಮೌನಿಗಳ ವಿಚಾರವೂ ಗೋಡೆಗೆ ಬರುತ್ತದೆ.

3. ತಂಡದ ನಾಯಕ ಕಾರ್ಯಾಗಾರ ನಡೆಸಬಾರದು. ಅವನೂ ಎಲ್ಲರಂತೆ ಚೀಟಿ ಬರೆಯಬೇಕು.

4. ನೀವು ಮಾಡುವ ಕೆಲಸದಿಂದ ಲಾಭವೋ ನಷ್ಟವೋ ಆಗುವವರನ್ನು ಒಂದು ದಿನವಾದರೂ ಕರೆಯಿರಿ. ನಿಮ್ಮ ಕೋಣೆಗೆ ಬರುವುದಿಲ್ಲವಾದರೆ ಅವರ ಕಟ್ಟೆಗೆ ಹೋಗಿ.

5. ಎದ್ದು ಹೋಗುವ ಮೊದಲು ನಿರ್ಧಾರಗಳನ್ನು ಬರೆದು, ಯಾವುದನ್ನು ಮಾಡುವುದಿಲ್ಲ ಎಂಬುದನ್ನೂ ಬರೆದು, ಎಲ್ಲರಿಗೂ ಕಾಣುವ ಕಡೆ ಇಡಿ.

ನಾಲ್ಕು ತಿಂಗಳು ನಮ್ಮ ಕೋಡ್ ಜಗತ್ತಿಗೆಲ್ಲ ತೆರೆದಿತ್ತು, ನಿರ್ಧಾರದ ಬಾಗಿಲು ಮಾತ್ರ ಊರಿಗೂ ತೆರೆದಿರಲಿಲ್ಲ. ಓಪನ್ ಎನ್ನುವ ಮಾತನ್ನು ಈಗ ಸ್ವಲ್ಪ ಎಚ್ಚರದಿಂದ ಬಳಸುತ್ತೇನೆ.

ಈ ಮಳೆಗಾಲದಲ್ಲಿ ಹೆಸರು ಹುಟ್ಟಿದ ಮೇಲೆ ಚಿಗರಿ ಮತ್ತೆ ಬಂದವು. ಅಪ್ಪನೇ ಫೋಟೊ ತೆಗೆದು, ತಂಗಿಯ ಕೈಯಲ್ಲಿ ಫಾರ್ಮ್ ತುಂಬಿಸಿ, ಅರ್ಜಿ ಕೊಟ್ಟು ಬಂದಿದ್ದಾರೆ. ದುಡ್ಡು ಇನ್ನೂ ಬಂದಿಲ್ಲ, ಕಾಯುತ್ತಿದ್ದೇವೆ.

ಹೋದ ವಾರ ಊರಿಗೆ ಹೋದಾಗ ಸಂಜೆ ಅಪ್ಪ ಹೊಲಕ್ಕೆ ಕರೆದುಕೊಂಡು ಹೋದರು. ಬದುವಿನ ಹುಲ್ಲು ಒಂದು ಕಡೆ ಮಾತ್ರ ಕೊಯ್ಯದೆ ಉಳಿದಿತ್ತು. ಸದ್ದು ಮಾಡಬೇಡ ಎಂದು ಕೈ ಸನ್ನೆ ಮಾಡಿ, ದೂರದಿಂದಲೇ ತೋರಿಸಿದರು. ಹುಲ್ಲಿನ ನಡುವೆ ಎರಡು ಕಿವಿ. ವಾಪಸ್ ಬರುವಾಗ ದಾರಿಯಲ್ಲಿ ಹೇಳಿದರು: “ಮೊಬೈಲ್‌ದಾಗ ಹಾಕಬ್ಯಾಡ ಮತ್ತ.”

ಹಾಕಲಿಲ್ಲ. ಅದು ಯಾವ ಊರು, ಯಾವ ಹೊಲ ಎಂಬುದನ್ನು ಇಲ್ಲಿಯೂ ಬರೆಯುವುದಿಲ್ಲ.